ಹದಿನೇಳನೆಯ ಪಾವಟಿಗೆ

ನಮ್ಮ ಕಡೆಯ ತೊಗರಿ ಬೇಳೆಗೆ ನಾಡಿನಲ್ಲೆಲ್ಲ ಹೆಸರಿದೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ಆದರೆ ಆ ಬೇಳೆಯನ್ನು ನಮ್ಮದೇ ನೆಲದ ಬೋರಿನ ನೀರಿನಲ್ಲಿ ಬೇಯಿಸುವ ಪಾಡು ನಮ್ಮ ಹೆಣ್ಣುಮಕ್ಕಳಿಗೇ ಗೊತ್ತು. ಎಷ್ಟು ಉರಿ ಹಾಕಿದರೂ ಬೇಳೆ ಕಣ್ಣು ಬಿಟ್ಟುಕೊಂಡು ಕುಳಿತಿರುತ್ತದೆ. ಅವ್ವ ಚಿಟಿಕೆ ಸೋಡಾ ಹಾಕುತ್ತಿದ್ದಳು. ಆಯಿಗೆ ಅದು ಸೇರುತ್ತಿರಲಿಲ್ಲ. ಬೇಳೆಗೆಂದೇ ಒಂದು ಕೊಡ ಹೊಳೆಯ ನೀರು ತರಿಸುತ್ತಿದ್ದಳು. ನೀರಿನಲ್ಲಿ ಕರಗಿದ ಸುಣ್ಣ ಬೇಳೆಯನ್ನು ಬಿಗಿಹಿಡಿದು ಮೆತ್ತಗಾಗಲು ಬಿಡುವುದಿಲ್ಲ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಯಿಗೆ ಕಾರಣ ಗೊತ್ತಿರಲಿಲ್ಲ, ಪರೀಕ್ಷೆ ಗೊತ್ತಿತ್ತು.

ಆ ಸುಣ್ಣ ಎಲ್ಲಿಂದ ಬಂತೆಂದು ನೋಡಲು ದೂರ ಹೋಗಬೇಕಾಗಿಲ್ಲ. ನೀವು ಯಾವ ಊರಿನಲ್ಲಿ ಕುಳಿತು ಇದನ್ನು ಓದುತ್ತಿದ್ದರೂ ನಿಮ್ಮ ಅಡಿಗೆಮನೆಯಲ್ಲೋ ಬಚ್ಚಲಲ್ಲೋ ಅಂಗಳದಲ್ಲೋ ಒಂದು ಶಹಾಬಾದ್ ಫರ್ಶಿ ಇದ್ದೀತು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಈ ಊರುಗಳೆಲ್ಲ ಆ ಸುಣ್ಣದ ಕಲ್ಲಿನ ಮೇಲೆಯೇ ಕುಳಿತಿವೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶ್ರೇಣಿ ಎನ್ನುತ್ತಾರೆ. ವಿಲಿಯಂ ಕಿಂಗ್ ಎಂಬಾತ 1872ರಲ್ಲಿ ಇಟ್ಟ ಹೆಸರು ಅದು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಇದರ ವಿವರ ಬರೆದ. ನಾನಿರುವ ಆದಿತ್ಯನಗರ ಹುಟ್ಟಿದ್ದೂ ಇದೇ ಕಲ್ಲಿನಿಂದ. ಕಲ್ಲಿಲ್ಲದಿದ್ದರೆ ಸಿಮೆಂಟಿಲ್ಲ, ಸಿಮೆಂಟಿಲ್ಲದಿದ್ದರೆ ಈ ಸಾಲು ಮನೆಗಳಿಲ್ಲ.

ಈ ಕಲ್ಲು ಒಂದರ ಮೇಲೊಂದು ಹಪ್ಪಳ ಜೋಡಿಸಿಟ್ಟಂತೆ ಪದರ ಪದರವಾಗಿದೆ. ಹಪ್ಪಳದ ಒಳಗೆ ನೀರಿಲ್ಲ. ಎರಡು ಹಪ್ಪಳಗಳ ನಡುವಿನ ಸಂದಿನಲ್ಲಿ, ಅವು ಬಿರಿದ ಕಡೆ, ಮಳೆನೀರು ಸಾವಿರಾರು ವರ್ಷ ಹರಿದು ಸುಣ್ಣ ಕರಗಿಸಿ ಪೊಟರೆ ಮಾಡಿಕೊಂಡ ಕಡೆ ಮಾತ್ರ ನೀರು. ಆದ್ದರಿಂದಲೇ ನಮ್ಮಲ್ಲಿ ಒಬ್ಬರ ಹೊಲದಲ್ಲಿ ಎರಡಿಂಚು ನೀರು ಬಿದ್ದರೆ, ಬದುವಿನ ಆಚೆ ಬರೀ ಬೂದು ಬಣ್ಣದ ಹುಡಿ ಏಳುತ್ತದೆ. ಜನ ಇದನ್ನು ಹಣೆಬರಹ ಎನ್ನುತ್ತಾರೆ. ಬಹುಮಟ್ಟಿಗೆ ಅದು ಬಿರುಕಿನ ಲೆಕ್ಕ.

ಆ ಲೆಕ್ಕ ತಿಳಿಯಲು ಯಾರು ದುಡ್ಡು ಕೊಟ್ಟರು ಎಂಬುದೇ ನಾನಿಲ್ಲಿ ಹೇಳಹೊರಟ ಕಥೆ.

ನನ್ನ ತವರು ಕಾಗಿಣಾ ಹೊಳೆಯಿಂದ ಎರಡು ಹರದಾರಿ ದೂರದ ಒಂದು ಹಳ್ಳಿ. ಊರ ನಡುವೆ ಪಾವಟಿಗೆಗಳಿದ್ದ ದೊಡ್ಡ ಬಾವಿ. 1970ರ ದಶಕದಲ್ಲಿ ನಾನು ಚಿಕ್ಕ ಕೊಡ ಹಿಡಿದು ಆಯಿಯ ಹಿಂದೆ ಅದರಲ್ಲಿ ಇಳಿಯುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಐದಾರು ಪಾವಟಿಗೆ ಇಳಿದರೆ ನೀರು ಕೈಗೆ ಸಿಗುತ್ತಿತ್ತು; ಯುಗಾದಿಗೆ ಹನ್ನೆರಡು ಹದಿಮೂರು. ನಾನು ಒಬ್ಬಳೇ ಹೋಗಿಬಂದ ದಿನ ಆಯಿ ತಪ್ಪದೆ ಕೇಳುತ್ತಿದ್ದಳು.

“ಇವತ್ತ ಎಷ್ಟ ಪಾವಟಗಿ ಇಳದಿ?”

“ಹದಿನೇಳು, ಆಯಿ.”

“ಹೌದಾ? ಹಂಗಾರ ನಾಳಿಂದ ದನಕ್ಕ ಹೊಳಿಗಿ ಹೊಡೀರಿ ಅಂತ ನಿಮ್ಮಪ್ಪಗ ಹೇಳು.”

ಹದಿನೇಳನೆಯ ಪಾವಟಿಗೆ ನಮ್ಮೂರಿನ ಕಾಯಿದೆ. ನೀರು ಅಲ್ಲಿಗಿಳಿದರೆ ದನಗಳಿಗೆ ಬಾವಿ ನೀರಿಲ್ಲ, ಬಟ್ಟೆ ಒಗೆಯಲು ಹೊಳೆಗೇ ಹೋಗಬೇಕು. ಯಾವ ಕಾಗದದಲ್ಲೂ ಬರೆದಿರಲಿಲ್ಲ, ಯಾವ ಸಾಹೇಬರೂ ಸಹಿ ಮಾಡಿರಲಿಲ್ಲ. ನೀರು ಕಣ್ಣಿಗೆ ಕಾಣುತ್ತಿತ್ತು, ಅದನ್ನು ದಿನಾ ಅಳೆಯುವವರು ಹೆಂಗಸರಾಗಿದ್ದರು. ಅಂತರ್ಜಲ ಮಟ್ಟದ ವೀಕ್ಷಣೆ ಎಂದು ಇಂದು ಇಲಾಖೆಗಳು ಕರೆಯುವ ಕೆಲಸವನ್ನು ಆಯಿ ಸಂಬಳವಿಲ್ಲದೆ ಮಾಡುತ್ತಿದ್ದಳು.

ಆ ಬಾವಿಯನ್ನು ನಾನು ಬರೀ ಹೊಗಳಿ ಕೂಡ್ರುವಂತಿಲ್ಲ. ಅದರಲ್ಲಿಯೇ ನಾರುಹುಣ್ಣು ಇತ್ತು. ಈಗಿನ ಹುಡುಗಿಯರಿಗೆ ಆ ಹೆಸರೇ ಗೊತ್ತಿಲ್ಲ, ಪುಣ್ಯ. ಹುಳದ ಮರಿಯನ್ನು ನುಂಗಿದ, ಕಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಚಿಗಟ ಕುಡಿಯುವ ನೀರಿನೊಡನೆ ಹೊಟ್ಟೆ ಸೇರುತ್ತದೆ; ಒಂದು ವರ್ಷದ ಮೇಲೆ ಎರಡು ಮೂರು ಅಡಿ ಉದ್ದದ ದಾರದಂಥ ಹುಳ ಕಾಲಿನಲ್ಲಿ ಗುಳ್ಳೆಯೆಬ್ಬಿಸಿ ಹೊರಗೆ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಹರಿದರೆ ಕಾಲು ಬಾತುಕೊಂಡು ಕೀವಾಗುತ್ತದೆ. ನಮ್ಮಕ್ಕ ಎರಡು ತಿಂಗಳು ಹೊರಸಿನ ಮೇಲಿದ್ದುದು ನನಗೆ ಚೆನ್ನಾಗಿ ನೆನಪಿದೆ. ಉರಿ ತಾಳದೆ ಹುಣ್ಣಿನ ಕಾಲನ್ನು ಬಾವಿಯ ನೀರಿನಲ್ಲಿ ಅದ್ದಿದರೆ ಹುಳ ಅಲ್ಲಿಯೇ ಮರಿ ಹಾಕುತ್ತದೆ. ಅದೇ ನೀರು ಮತ್ತೆ ಎಲ್ಲರ ಹೊಟ್ಟೆಗೆ. ಪಾವಟಿಗೆ ಇಳಿದು ನೀರಿಗೆ ಕಾಲಿಡುವ ಬಾವಿಯೇ ಈ ರೋಗಕ್ಕೆ ಮನೆಯಾಗಿತ್ತು.

1983–84ರಲ್ಲಿ ಭಾರತ ಸರ್ಕಾರ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಹಾಕಿಕೊಂಡಿತು. ನಮ್ಮ ಕಲಬುರಗಿ ಜಿಲ್ಲೆಯೂ ರೋಗವಿದ್ದ ಜಿಲ್ಲೆಗಳಲ್ಲೊಂದು. ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದರು, ಬಾವಿಗೆ ಔಷಧಿ ಹಾಕಿದರು, ಅರಿವೆಯಲ್ಲಿ ನೀರು ಸೋಸುವುದನ್ನು ತೋರಿಸಿದರು. ಸೋಸಿದ ಅರಿವೆಯನ್ನು ತಿರುವಿ ಹಾಕಬಾರದು, ಒಂದೇ ಮಗ್ಗುಲು ಮೇಲಿರಬೇಕು ಎಂದು ಅಕ್ಷರ ಬಾರದ ಆಯಿಗೆ ಎಷ್ಟು ಚೆನ್ನಾಗಿ ಮನಸ್ಸಿಗೆ ಹಿಡಿಸಿದ್ದರೆಂದರೆ, ಅವಳು ಅರಿವೆಯ ಒಂದು ಮೂಲೆಗೆ ಕೆಂಪು ದಾರದ ಗುರುತು ಹಾಕಿಟ್ಟಿದ್ದಳು. ದೇಶದ ಕೊನೆಯ ನಾರುಹುಣ್ಣು ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತ ಎಂದು ಸಾರಿತು. ಲಸಿಕೆಯಿಲ್ಲದ, ತಕ್ಕ ಔಷಧವೂ ಇಲ್ಲದ ಒಂದು ರೋಗ ಹೆಚ್ಚಾಗಿ ತಿಳಿವಳಿಕೆಯಿಂದಲೇ ಹೋಯಿತು. ನೀರಿನ ವಿಷಯದಲ್ಲಿ ಜನಶಿಕ್ಷಣಕ್ಕೆ ಹಾಕಿದ ದುಡ್ಡು ವ್ಯರ್ಥ ಎನ್ನುವವರಿಗೆ ನಾನು ಇದೊಂದನ್ನು ನೆನಪಿಸುತ್ತೇನೆ.

ಪಾವಟಿಗೆ ಬಾವಿಗಳನ್ನು ಕಟ್ಟೆ ಕಟ್ಟಿ ಸೇದುವ ಬಾವಿ ಮಾಡುವುದು ಆ ಕಾರ್ಯಕ್ರಮದ ಒಂದು ಭಾಗವಾಗಿತ್ತು. ನಮ್ಮೂರಿನಲ್ಲೂ ಹಾಗೆಯೇ ಆಯಿತು. ಪಾವಟಿಗೆಗಳಿಗೆ ಅಡ್ಡಗೋಡೆ ಬಂತು, ಮೇಲೆ ಗಡಗಡಿ ಬಂತು. ಅಷ್ಟರಲ್ಲಿ ಗುಡಿಯ ಮುಂದೆ ಬೋರಿಂಗ ಕೂತಿತ್ತು. ಈ ಕೈಪಂಪಿನ ಮೂಲವೂ ನಮಗೆ ನೆರೆಯದೇ: ಸೋಲಾಪುರದಲ್ಲಿ ರೂಪುಗೊಂಡ ಪಂಪನ್ನು ಆಧಾರ ಮಾಡಿಕೊಂಡು ಯುನಿಸೆಫ್ ನೆರವಿನಿಂದ 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್ 2’ ಸಿದ್ಧವಾಯಿತು. ಜಗತ್ತಿನ ಎಷ್ಟೋ ದೇಶಗಳಿಗೆ ಹೋಯಿತು. ನಮ್ಮವ್ವನ ಬೆನ್ನು ಉಳಿಸಿತು. ನಾನು ಅದಕ್ಕೆ ಕೈ ಮುಗಿಯುತ್ತೇನೆ.

ಆದರೆ ಬೋರಿಂಗ ಬಂದ ಮೇಲೆ ಆಯಿ ಕೇಳುವುದು ನಿಂತಿತು. ಕೇಳಲು ಪಾವಟಿಗೆಯೇ ಇರಲಿಲ್ಲ. ನೀರು ಕಬ್ಬಿಣದ ಕೊಳವೆಯೊಳಗೆ ಹೋಗಿ ಕುಳಿತಿತು; ಬರುತ್ತದೆ ಅಥವಾ ಬರುವುದಿಲ್ಲ, ಇವೆರಡೇ ಅದರ ಸುದ್ದಿ. ರೋಗ ಹೋದದ್ದೂ ನೀರಿನ ಮಟ್ಟ ಕಣ್ಮರೆಯಾದದ್ದೂ ಒಂದೇ ಹೊತ್ತಿನಲ್ಲಿ ಆಯಿತೆಂಬುದು ಆಗ ಯಾರ ಗಮನಕ್ಕೂ ಬರಲಿಲ್ಲ.

1986ರಲ್ಲಿ ಅಪ್ಪ ಹೊಲದಲ್ಲಿ ಬೋರು ಹೊಡೆಸಲು ಮನಸ್ಸು ಮಾಡಿದ. ನಾನಾಗ ಕಾಲೇಜಿನಲ್ಲಿದ್ದೆ, ರಜೆಗೆ ಬಂದಿದ್ದೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿದ ಒಬ್ಬರು ಮೂರು ಜಾಗ ತೋರಿಸಿದರು. ಮೊದಲನೆಯದು 180 ಅಡಿ, ಹುಡಿ. ಎರಡನೆಯದು 240 ಅಡಿ, ಹುಡಿ. ಲಾರಿಯ ಬಾಡಿಗೆಗೆ ಹಣ ತೀರಿತ್ತು. ಅಪ್ಪ ಒಳಗೆ ಬಂದು ಮಾತಾಡದೆ ಕುಳಿತ. ಅವ್ವ ಒಲೆಯ ಮುಂದಿನಿಂದ ಏಳದೆಯೇ ಕೈ ಸೋಪು ಹಚ್ಚಿಕೊಂಡು ಪಾಟ್ಲಿ ಜಾರಿಸಿ ನೆಲದ ಮೇಲಿಟ್ಟಳು. ನಾಲ್ಕು ತೊಲಿ, ಅವಳ ತವರಿನವರು ಹಾಕಿದ್ದು.

“ಹೊಳ್ಳಿ ಮಾಡಿಸಿಕೊಡ್ತೀನಿ,” ಎಂದ ಅಪ್ಪ.

“ಮದಲ ನೀರ ಬರಲಿ,” ಎಂದಳು.

ಮೂರನೆಯದು 310 ಅಡಿಗೆ ಹೋಯಿತು. ಅರ್ಧ ಇಂಚು ನೀರು ಬಂದು ಎರಡು ಬೇಸಿಗೆ ನಡೆದು ನಿಂತಿತು. ಪಾಟ್ಲಿ ಹೊಳ್ಳಿ ಬರಲಿಲ್ಲ.

ಈಗ ಯೋಚಿಸಿದರೆ ನಮ್ಮ ಮನೆಯ ಮಟ್ಟಿಗೆ ಅಂತರ್ಜಲ ಸಂಶೋಧನೆಗೆ ಧನಸಹಾಯ ಮಾಡಿದವಳು ನಮ್ಮವ್ವ ಎನ್ನಬೇಕು. ಮೂರು ಕಡೆ 730 ಅಡಿ ಕಲ್ಲು ಕೊರೆಸಿ ಆ ನೆಲದ ಒಳಗೇನಿದೆ ಎಂದು ಕೇಳಿದ ಖರ್ಚು ಅದು. ಆದರೆ ಉತ್ತರವನ್ನು ಯಾರೂ ಬರೆದುಕೊಳ್ಳಲಿಲ್ಲ. ಎಷ್ಟನೆಯ ಅಡಿಗೆ ಹುಡಿಯ ಬಣ್ಣ ಬದಲಾಯಿತು, ಎಲ್ಲಿ ತೇವ ಬಂತು, ಎಲ್ಲಿ ಪೊಳ್ಳು ಸಿಕ್ಕಿ ಕೊರೆಯುವ ಸಪ್ಪಳ ಬೇರೆಯಾಯಿತು? ಎಲ್ಲವೂ ಆ ಬೂದು ಗುಡ್ಡೆಯಲ್ಲಿತ್ತು. ಮುಂದಿನ ಮಳೆಗೆ ತೊಳೆದುಹೋಯಿತು. ಮರುವರ್ಷ ಬದುವಿನಾಚೆಯ ಕಾಕಾ ತಮ್ಮ ಹೊಲದಲ್ಲಿ ಅದೇ ಪ್ರಶ್ನೆಯನ್ನು ಮೊದಲಿನಿಂದ ಕೇಳಿದರು. ಅವರ ಮನೆಯಲ್ಲೂ ಒಂದು ಬಿಲ್ವಾರದ ಜೋಡಿ ಕರಗಿತು. ನಾಡಿನಲ್ಲಿ ಹೀಗೆ ಎಷ್ಟು ಮನೆಗಳ ಬಂಗಾರ ಈ ಕಲ್ಲಿನಲ್ಲಿ ಹೋಗಿದೆಯೋ! ಓದುವ ಸೋದರಿಯರಲ್ಲಿ ಹಲವರಿಗೆ ತಮ್ಮ ಮನೆಯದೇ ಲೆಕ್ಕ ನೆನಪಾಗುತ್ತಿರಬೇಕು.

ವಿದ್ಯೆಗೆ ದಾನ ಕೊಡುವುದು ಈ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಶಾಸನ ಅಲ್ಲಿಯ ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ ಅಷ್ಟೇ ಅಲ್ಲ, ಪುಸ್ತಕ ಕಾಯುವ ಆರು ಜನ ಸರಸ್ವತಿ ಭಂಡಾರಿಗರಿಗೂ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ತಿಳಿದದ್ದನ್ನು ಕಾಪಾಡಿಡುವವರಿಗೂ ಅನ್ನ ಬೇಕೆಂದು ಸಾವಿರ ವರ್ಷದ ಹಿಂದೆ ಇಲ್ಲಿ ಹೊಳೆದಿತ್ತು. ಬೀದರಿನ ಸುರಂಗ ಬಾವಿಗಳ ಮಾತೂ ಅಂಥದೇ. ಬಹಮನಿ ಅರಸರ ಕಾಲದಲ್ಲಿ ನೌಬಾದಿನ ಹತ್ತಿರ ಕೊರೆದ ಕಾರೆಜ್ ಕೆಂಪು ಮುರಕಲ್ಲಿನ ಅಡಿಯಲ್ಲಿ ನೀರು ಎಲ್ಲಿ ತಂಗುತ್ತದೆ ಎಂದು ಅರಿತವರು ಮಾಡಿದ ಕೆಲಸ.

ಇನ್ನೂ ಹಿಂದಕ್ಕೆ ಹೋದರೆ ಹುಣಸಗಿ ಇದೆ, ಈಗ ಯಾದಗಿರಿ ಜಿಲ್ಲೆಯಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ಅಲ್ಲಿ ಹುಡುಕಿ ಆದಿಮಾನವರ ನೂರಾರು ನೆಲೆಗಳನ್ನು ಗುರುತಿಸಿದರು. ಕೈಗೊಡಲಿ ಹಿಡಿದ ಆ ಜನ ಬೇಸಿಗೆಯಲ್ಲಿ ಒತ್ತಾಗಿ ನೆಲೆಸಿದ್ದು ಸುಣ್ಣಕಲ್ಲಿನ ಸಂದಿನಿಂದ ಒಸರುವ ಬತ್ತದ ಒರತೆಗಳ ಸುತ್ತ ಎಂಬುದು ಅವರ ಅಭಿಪ್ರಾಯ. ಒರತೆ ಹುಡುಕಿಕೊಂಡು ಹೋದವರ ಮುಂದೆ ನಮ್ಮ ಹುಣಸಗಿಯ ಅಜ್ಜಿಯರೂ ಇದ್ದಿರಬೇಕು. ಇದು ನನ್ನ ಮಾತು, ಪದ್ದಯ್ಯನವರದಲ್ಲ.

ನಿಜಾಮರ ಆಡಳಿತದಲ್ಲಿ ಒಂದು ಒಳ್ಳೆಯ ಯೋಚನೆ ಇತ್ತು. ಹೈದರಾಬಾದ್ ಸಂಸ್ಥಾನದ ಭೂವಿಜ್ಞಾನ ಸರ್ವೇಕ್ಷಣೆಯನ್ನೂ ಬಾವಿ ತೋಡಿಸುವ ಇಲಾಖೆಯನ್ನೂ ಕ್ಯಾಪ್ಟನ್ ಲಿಯೊನಾರ್ಡ್ ಮನ್ ಎಂಬ ಒಬ್ಬನೇ ಅಧಿಕಾರಿಯ ಕೈಗೆ ಕೊಟ್ಟಿದ್ದರು. ಕಲ್ಲು ಓದುವವನೇ ಬಾವಿಯ ಜಾಗ ಹೇಳಬೇಕು ಎಂಬುದು ಅದರ ಅರ್ಥ. ರಾಯಚೂರು, ಸುರಪುರ ಕಡೆ ತಿರುಗುತ್ತ ಆತ ಪ್ರಾಚೀನ ನೆಲೆಗಳನ್ನೂ ಗುರುತಿಸಿ ಬರೆದಿಟ್ಟ. ಅದೇ ಸರ್ವೇಕ್ಷಣೆಯ ಸಿ. ಮಹಾದೇವನ್ ಕಲಬುರಗಿ ಜಿಲ್ಲೆಯ ದಕ್ಷಿಣ ಮತ್ತು ನೈಋತ್ಯ ಭಾಗದ ಕಲ್ಲುಗಳ ಬಗ್ಗೆ ಮಾಡಿದ ಅಧ್ಯಯನ 1947ರಲ್ಲಿ ಪ್ರಕಟವಾಯಿತು. ನಿಜಾಮರ ಬಗ್ಗೆ ನಮ್ಮ ಕಡೆ ಒಳ್ಳೆಯ ಮಾತು ಆಡುವುದು ಕಷ್ಟ, ಆಡಬೇಕಾದ ಕಡೆ ಆಡಬೇಕು.

ಸ್ವಾತಂತ್ರ್ಯದ ಮೇಲೆ ಕೊಳವೆ ಬಾವಿಗಳನ್ನು ಕೊರೆದು ನೋಡುವ ಒಂದು ಕೇಂದ್ರ ಸಂಸ್ಥೆ 1954ರಲ್ಲಿ ಹುಟ್ಟಿತು. 1970ರಲ್ಲಿ ಅದೇ ಕೇಂದ್ರ ಅಂತರ್ಜಲ ಮಂಡಳಿಯಾಯಿತು. ಗೊತ್ತುಮಾಡಿದ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟ ಅಳೆಯುವುದು ಅದರ ಕೆಲಸಗಳಲ್ಲೊಂದು. ಒಳ್ಳೆಯ ಕೆಲಸವೇ. ಆದರೆ ನಮ್ಮಂಥ ಬಿರುಕು ಕಲ್ಲಿನ ಸೀಮೆಯಲ್ಲಿ ದೂರದೂರದ ಬಾವಿಗಳ ಅಳತೆ ನಮ್ಮ ಹೊಲದ ಸುದ್ದಿ ಹೇಳಲಾರದು. ಅತ್ತ ಬಾವಿ ತೋಡಲು ಸಾಲ, ಸಹಾಯಧನ, ಪಂಪಿಗೆ ಪುಕ್ಕಟೆ ಕರೆಂಟು ಎಲ್ಲವೂ ಬಂದವು. ಬಡವರ ಹೊಲಕ್ಕೆ ಗಂಗಾ ಕಲ್ಯಾಣದ ಬೋರು ಬಂದದ್ದನ್ನು ನಾನು ಆಡಿಕೊಳ್ಳಲಾರೆ. ಕೊರೆಯಲು ದುಡ್ಡು ಒಂದು ಕೊಡವಾದರೆ ತಿಳಿಯಲು ದುಡ್ಡು ಒಂದು ಮಿಳ್ಳಿ ಎಂಬುದಷ್ಟೇ ನನ್ನ ದೂರು. ಪ್ರಪಂಚದಲ್ಲಿ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶ ನಮ್ಮದಾಯಿತು. ಜಗತ್ತು ಎತ್ತುವ ನೀರಿನಲ್ಲಿ ಸುಮಾರು ಕಾಲು ಭಾಗ ನಮ್ಮ ಪಾಲು. 2011ರಲ್ಲಿ ಕರ್ನಾಟಕ ಅಂತರ್ಜಲ ಕಾಯಿದೆ ಮಾಡಿತು. ಹದಿನೇಳನೆಯ ಪಾವಟಿಗೆಯ ಕಾಯಿದೆಯನ್ನು ಮುರಿಯಲು ಯಾರಿಗೂ ಧೈರ್ಯವಿರಲಿಲ್ಲ. ಇದರ ವಿಷಯ ನಾನು ಹೇಳುವುದು ಬೇಡ.

ಸೇಡಂ ತಾಲ್ಲೂಕಿನ ಆಚೆ, ಗಡಿ ದಾಟಿದರೆ ಹಳೆಯ ಮಹಬೂಬನಗರ ಜಿಲ್ಲೆ. ಅಲ್ಲಿಯೂ ಸೇರಿದಂತೆ ಆಗಿನ ಆಂಧ್ರಪ್ರದೇಶದ ಏಳು ಬರದ ಜಿಲ್ಲೆಗಳ ಆರುನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ 2003ರ ನಂತರ ಒಂದು ಪ್ರಯೋಗ ನಡೆಯಿತು. ದುಡ್ಡು ನೆದರ್ಲೆಂಡ್ಸ್ ಸರ್ಕಾರದ್ದು, ಮುಂದೆ ನಡೆಸಿದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ಅವರು ಯಾರಿಗೂ ಬೋರು ಕೊರೆದುಕೊಡಲಿಲ್ಲ. ರೈತರಿಗೆ, ಅವರಲ್ಲಿ ಹೆಂಗಸರೂ ಇದ್ದರು, ಮಳೆ ಅಳೆಯುವುದನ್ನು, ಬಾವಿಯ ಮಟ್ಟ ಅಳೆಯುವುದನ್ನು ಕಲಿಸಿದರು. ಅಳತೆಯನ್ನು ಊರಿನ ಗೋಡೆಯ ಮೇಲೆ ಬರೆದರು. ಹಿಂಗಾರಿಗೆ ಮೊದಲು ಊರವರು ಕೂಡಿ, ನೆಲದಲ್ಲಿ ಇಷ್ಟು ನೀರಿದೆ, ಯಾವ ಬೆಳೆಗೆ ಎಷ್ಟು ಎಂದು ಮನೆಖರ್ಚಿನ ಲೆಕ್ಕದಂತೆ ಲೆಕ್ಕ ಹಾಕಿದರು. ಯಾರ ಮೇಲೂ ಒತ್ತಾಯವಿರಲಿಲ್ಲ. ಲೆಕ್ಕ ಕಂಡ ಮೇಲೆ ಹಲವರು ತಾವಾಗಿಯೇ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆ ಹಿಡಿದರು. ಅಲ್ಲಿಂದ ಬಂದ ಹೆಣ್ಣುಮಗಳೊಬ್ಬಳು ಸೇಡಂ ಸಂತೆಯಲ್ಲಿ ನನಗೆ ಇದನ್ನು ಹೇಳಿದಾಗ ನನಗೆ ಆಯಿ ನೆನಪಾದಳು.

2019ರ ಡಿಸೆಂಬರಿನಲ್ಲಿ ಘೋಷಣೆಯಾದ ಅಟಲ್ ಭೂಜಲ ಯೋಜನೆಯೂ ಈ ದಾರಿಯದೇ. 6,000 ಕೋಟಿ ರೂಪಾಯಿ, ಅರ್ಧ ವಿಶ್ವಬ್ಯಾಂಕಿನ ಸಾಲ, ಏಳು ರಾಜ್ಯ. ಕರ್ನಾಟಕದಲ್ಲಿ 14 ಜಿಲ್ಲೆಗಳ 41 ತಾಲ್ಲೂಕು. ಹಳ್ಳಿಯೇ ತನ್ನ ನೀರು ಅಳೆಯಲಿ, ಆಯವ್ಯಯ ಬರೆಯಲಿ ಎಂಬ ಯೋಜನೆ ಇಷ್ಟು ದೊಡ್ಡದಾಗಿ ಹಿಂದೆ ಬಂದಿರಲಿಲ್ಲ. ಆದರೆ ಆರಿಸಿಕೊಂಡದ್ದು ನೀರಿನ ಒತ್ತಡ ಹೆಚ್ಚಾಗಿದ್ದ ಸೀಮೆಗಳನ್ನು. ಜ್ವರ ಏರಿದ ಮೇಲೆ ಅಳೆಯುವ ಅಭ್ಯಾಸ ನಮ್ಮದು.

ನಮ್ಮ ಕಡೆಗೆ ಬೇರೆ ದುಡ್ಡಿಲ್ಲವೇ? ಇದೆ, ಕಲ್ಲಿನದೇ ಇದೆ. ಸುಣ್ಣಕಲ್ಲಿನ ಒಂದು ಟನ್ನಿಗೆ 2014ರಲ್ಲಿ ಗೊತ್ತುಮಾಡಿದ ರಾಜಧನ 80 ರೂಪಾಯಿ. 2015ರ ಕಾನೂನಿನಂತೆ, ಹಳೆಯ ಗಣಿಗಳವರು ಆ ರಾಜಧನದ ಮೇಲೆ ಶೇಕಡಾ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಹರಾಜಿನಲ್ಲಿ ಪಡೆದ ಹೊಸ ಗಣಿಗಳಿಗೆ ಶೇಕಡಾ 10. ಒಂದು ಚೀಲ ಸಿಮೆಂಟಿಗೆ ಸುಮಾರು 75 ಕಿಲೊ ಕಲ್ಲು ಬೇಕೆಂದರೆ, ಹಳೆಯ ಗಣಿಯ ಒಂದು ಚೀಲದಿಂದ ಸುಮಾರು ಒಂದೂ ಮುಕ್ಕಾಲು ರೂಪಾಯಿ ಆ ಹುಂಡಿಗೆ ಬೀಳುತ್ತದೆ. ಒಂದು ಚಹಾಕ್ಕೂ ಸಾಲದು ಎನ್ನಬೇಡಿ. ಇಲ್ಲಿಂದ ಹೊರಡುವ ಗೂಡ್ಸ್ ರೈಲುಗಳನ್ನು ನಿಂತು ಎಣಿಸಿದವರಿಗೆ ಅದರ ಬೆಲೆ ತಿಳಿದೀತು. ಆ ಹಣದಲ್ಲಿ ಕನಿಷ್ಠ ಶೇಕಡಾ 60ನ್ನು ಕುಡಿಯುವ ನೀರು, ಪರಿಸರ, ಆರೋಗ್ಯ, ಶಿಕ್ಷಣ, ಹೆಣ್ಣುಮಕ್ಕಳ ಹಿತ ಮೊದಲಾದವಕ್ಕೆ ವೆಚ್ಚ ಮಾಡಬೇಕೆಂದು ನಿಯಮ. 2024ರಲ್ಲಿ ಅದು 70ಕ್ಕೆ ಏರಿತು. ಕಲ್ಲು ತೆಗೆದ ಹಳ್ಳ ನೀರಿನ ಮಟ್ಟಕ್ಕಿಂತ ಕೆಳಗಿಳಿದರೆ ಸುತ್ತಲಿನ ಬಾವಿಯ ನೀರು ಅತ್ತ ಜಾರುವುದು ಯಾವ ದೇಶದಲ್ಲಾದರೂ ಸಹಜ. ಆದ್ದರಿಂದ ಈ ಕಲ್ಲಿನ ದುಡ್ಡಿನಲ್ಲಿ ಒಂದು ಪಾಲು ಈ ಕಲ್ಲಿನ ನೀರನ್ನು ಅಳೆಯಲು ಹೋಗಬೇಕೆಂದು ಕೇಳುವುದು ಭಿಕ್ಷೆಯಲ್ಲ. ಊರೂರಿಗೆ ಒಂದು ವೀಕ್ಷಣಾ ಬಾವಿ, ಅದರ ಅಳತೆ ಬರೆಯುವ ಒಬ್ಬ ಹುಡುಗಿಗೆ ತಿಂಗಳಿಗೆ ಒಂದಿಷ್ಟು ಗೌರವಧನ, ಬೋರು ಹೊಡೆಯುವ ಲಾರಿಯವರಿಂದ ಅಡಿ ಅಡಿಯ ಟಿಪ್ಪಣಿ. ಕೊರೆಯುವ ಖರ್ಚಿನ ಮುಂದೆ ಇದು ಉಪ್ಪಿನಕಾಯಿಯ ಖರ್ಚು.

ಈ ಮಾತನ್ನು ನಾನು ಒಂದೆರಡು ಸಭೆಗಳಲ್ಲಿ ಹೇಳಿ ನೋಡಿದೆ. ತಲೆಯಾಡಿಸಿದರು, ಚಹಾ ಕೊಟ್ಟರು. ಹೋದ ವರ್ಷದಿಂದ ನಾನೇ ಒಂದು ಕೆಲಸ ಹಿಡಿದಿದ್ದೇನೆ. ತವರಿನ ಆ ಹಳೆಯ ಬಾವಿ ಇನ್ನೂ ಇದೆ. ಮಕ್ಕಳು ಬೀಳದಿರಲೆಂದು ಮೇಲೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಕುಡಿಯುವ ನೀರಿಗೆ ನಳ ಬಂದಿದೆ. ಬಾಣಂತಿಯರು ಗಂಗಿ ಪೂಜೆಯನ್ನು ನಳಕ್ಕೇ ಮಾಡಿ ಮುಗಿಸುತ್ತಾರೆ. ಪ್ರತಿ ಅಮಾವಾಸ್ಯೆಗೆ ನಾನು ಹೋದಾಗ ತಮ್ಮನ ಹೆಂಡತಿ ಮತ್ತು ನಾನು ಜಾಳಿಗೆಯ ಸಂದಿನಿಂದ ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ಕಲ್ಲು ಕಟ್ಟಿ ಬಿಡುತ್ತೇವೆ. ನೀರು ಮುಟ್ಟಿದ ಸಪ್ಪಳ ಕೇಳಿದ ಕೂಡಲೇ ಎಳೆದು ಒಣಗಿದ ಗಂಟುಗಳನ್ನು ಎಣಿಸಿ ಕ್ಯಾಲೆಂಡರಿನ ಹಿಂದೆ ಬರೆಯುತ್ತೇವೆ. ಮೊದಮೊದಲು ಕಟ್ಟೆಯ ಮೇಲೆ ಕುಳಿತ ಗಂಡಸರು ನಕ್ಕರು. ಯುಗಾದಿಯ ಹಿಂದಿನ ಅಮಾವಾಸ್ಯೆಯಂದು ನಾವು ಹಗ್ಗ ಸುತ್ತಿಡುತ್ತಿದ್ದಾಗ, ಅವ್ವನ ಪಾಟ್ಲಿ ಕರಗಿದ ಮರುವರ್ಷ ಬೋರು ಹೊಡೆಸಿದ ಆ ಕಾಕಾ ಕೋಲೂರಿಕೊಂಡು ಹತ್ತಿರ ಬಂದರು. ಅವರಿಗೀಗ ಎಂಬತ್ತು ದಾಟಿದೆ. ಮೊಮ್ಮಗ ಹೊಸ ಬೋರಿನ ಮಾತೆತ್ತಿದ್ದನಂತೆ.

“ಎಷ್ಟ ಬಂತವ್ವಾ ಈ ಸಲ?”

“ಹತ್ತೊಂಬತ್ತ ಮೊಳ, ಕಾಕಾ. ಹ್ವಾದ ಅಮಾಸಿಗಿ ಹದಿನಾರ ಇತ್ತು.”

ಅವರು ಬಾವಿಯ ಅಡ್ಡಗೋಡೆಯ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಂತರು. “ಆ ಕಾಗದ ನನ್ನ ಮೊಮ್ಮಗಗ ತೋರಸು,” ಎಂದರು.